ಪರವಲಯ ಅಕ್ಷವನ್ನು ಮುಟ್ಟದಿದ್ದಾಗ: ಕ್ಯಾಲ್ಕುಲೇಟರಿನಲ್ಲಿ ಸಂಕೀರ್ಣ ಮೂಲಗಳು

ಎಸ್ಸೆಸ್ಸೆಲ್ಸಿ ಗಣಿತದಲ್ಲಿ ವರ್ಗ ಸಮೀಕರಣಗಳ ಅಧ್ಯಾಯ ಒಂದು ಕಟ್ಟುನಿಟ್ಟಿನ ಮಾತಿಗೆ ಬಂದು ನಿಲ್ಲುತ್ತದೆ: ಶೋಧಕದ ಬೆಲೆ ಸೊನ್ನೆಗಿಂತ ಕಡಿಮೆ ಬಂದರೆ ವಾಸ್ತವ ಮೂಲಗಳಿಲ್ಲ. ಗದಗ-ಬೆಟಗೇರಿಯ ಶಾಲೆಯಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಶಾಲೆಯಾಗಲಿ, ಮಕ್ಕಳು ಆ ಸಾಲು ಬರೆದು ಅಡಿಗೆರೆ ಎಳೆದು ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. ಪಿಯುಸಿ ವಿಜ್ಞಾನ ವಿಭಾಗಕ್ಕೆ ಸೇರಿದ ಮೇಲೆ ಅದೇ ಸಮೀಕರಣಕ್ಕೆ ಎರಡು ಮೂಲಗಳಿವೆ, ಅವು ಸಂಕೀರ್ಣ ಸಂಖ್ಯೆಗಳು ಎಂಬ ಪಾಠ ಬರುತ್ತದೆ. ನಿನ್ನೆಯವರೆಗೆ ಇಲ್ಲದ್ದು ಇವತ್ತು ಎಲ್ಲಿಂದ ಬಂತು ಎಂದು ಕೇಳುವ ವಿದ್ಯಾರ್ಥಿಗೆ ಸಿಗುವುದು ಸೂತ್ರ ಮಾತ್ರ. ಗ್ರಾಫಿಂಗ್ ಕ್ಯಾಲ್ಕುಲೇಟರ್ ಈ ಮೂಲಗಳನ್ನು ನಾಲ್ಕಾರು ಗುಂಡಿಗಳಲ್ಲಿ ಕೊಟ್ಟುಬಿಡುತ್ತದೆ, ಅದು ಹೇಗೆಂದು ಮುಂದೆ ವಿವರವಾಗಿ ಹೇಳುತ್ತೇನೆ. ಆದರೆ ಆ ಯಂತ್ರದಿಂದ ಆಗಬಹುದಾದ ದೊಡ್ಡ ಉಪಕಾರ ಬೇರೆ. ಸಂಕೀರ್ಣ ಮೂಲಗಳು ಪರವಲಯದ ನಕ್ಷೆಯಲ್ಲೇ ಇವೆ, ಕಣ್ಣಿಗೆ ಕಾಣುವಂತಿವೆ, ಅಳತೆಪಟ್ಟಿ ಇಟ್ಟು ಅಳೆಯಬಹುದು. ಹತ್ತನೆಯ ತರಗತಿ ಮತ್ತು ಪಿಯುಸಿಯ ನಡುವೆ ಕಡಿದುಹೋದ ಕೊಂಡಿಯನ್ನು ಕೂಡಿಸಲು ಇಷ್ಟು ಸಾಕು ಎಂಬುದು ಈ ಲೇಖನದ ವಾದ.

ಮೊದಲು ಬರೆಯುವ ಕ್ರಮ. ಅಜ್ಞಾತ ಸಂಖ್ಯೆಗೆ ಇಲ್ಲಿ ಕ್ಷ ಎಂದು ಬರೆಯುತ್ತೇನೆ, ಯಂತ್ರದಲ್ಲಿ ಅದು ಎಕ್ಸ್ ಗುಂಡಿ. ಮೂರು ಸಹಗುಣಕಗಳು ಎ, ಬಿ, ಸಿ. ಮೈನಸ್ ಒಂದರ ವರ್ಗಮೂಲಕ್ಕೆ ಐ. ಈಗ ಒಂದು ಸಮೀಕರಣ ನೋಡೋಣ: ಕ್ಷ² − 6ಕ್ಷ + 13 = 0. ಶೋಧಕ ಅಂದರೆ ಬಿ² − 4·ಎ·ಸಿ, ಅದರ ಬೆಲೆ 36 − 52 = −16. ಎಸ್ಸೆಸ್ಸೆಲ್ಸಿಯ ಉತ್ತರ ಇಲ್ಲಿಗೆ ಮುಗಿಯಿತು. ಸೂತ್ರ ಹಾಕಿದರೆ ಪಿಯುಸಿಯ ಉತ್ತರ 3 + 2ಐ ಮತ್ತು 3 − 2ಐ. ಈಗ ಗ್ರಾಫ್ ಹಾಕಿ. ಪರವಲಯ ಮೇಲ್ಮುಖವಾಗಿ ತೆರೆದುಕೊಂಡಿದೆ, ಅಡ್ಡ ಅಕ್ಷದ ಮೇಲೆ ತೇಲುತ್ತಿದೆ, ಎಲ್ಲೂ ಅದನ್ನು ಮುಟ್ಟಿಲ್ಲ. ಅದರ ಅತಿ ಕೆಳಗಿನ ಬಿಂದು, ಅಂದರೆ ಶೃಂಗ, ಅಡ್ಡಕ್ಕೆ 3 ಮತ್ತು ಎತ್ತರಕ್ಕೆ 4 ಇರುವಲ್ಲಿದೆ. ಮೂಲದ ವಾಸ್ತವ ಭಾಗ 3 ಅಲ್ಲೇ ಕಂಡಿತು. ಇನ್ನುಳಿದ 2 ಎಲ್ಲಿದೆ? ಶೃಂಗದ ಎತ್ತರ 4, ಅದರ ಎರಡರಷ್ಟು 8. ಎತ್ತರ 8ರಲ್ಲಿ ಒಂದು ಅಡ್ಡಗೆರೆ ಎಳೆಯಿರಿ. ಅದು ಪರವಲಯವನ್ನು ಕ್ಷ = 1 ಮತ್ತು ಕ್ಷ = 5ರಲ್ಲಿ ಕತ್ತರಿಸುತ್ತದೆ. ನಡುವಿನ 3ರಿಂದ ಈ ಎರಡೂ ಬಿಂದುಗಳು 2ರಷ್ಟು ದೂರದಲ್ಲಿವೆ. ಊಹಾ ಭಾಗ ಅದೇ 2. ಶೃಂಗ ಹುಡುಕುವುದು, ಎತ್ತರ ಇಮ್ಮಡಿ ಮಾಡುವುದು, ಗೆರೆ ಎಳೆಯುವುದು, ಅರ್ಧ ಅಗಲ ಅಳೆಯುವುದು. ಕೆಲಸ ಇಷ್ಟೇ.

ಇದು ಒಂದು ಲೆಕ್ಕಕ್ಕೆ ಹೊಂದಿಬಿದ್ದ ಕಾಕತಾಳೀಯವಲ್ಲ. ಯಾವುದೇ ವರ್ಗ ಸಮೀಕರಣದ ಎಡಭಾಗವನ್ನು ವರ್ಗ ಪೂರ್ಣಗೊಳಿಸಿ ಎ(ಕ್ಷ − ಹ)² + ಕ ಎಂದು ಬರೆಯಬಹುದು. ಹ ಶೃಂಗದ ಅಡ್ಡ ಸ್ಥಾನ, ಕ ಅದರ ಎತ್ತರ. ಸೊನ್ನೆಗೆ ಸಮ ಮಾಡಿದರೆ (ಕ್ಷ − ಹ)² ಎಂಬುದು ಮೈನಸ್ ಕ/ಎ ಆಗುತ್ತದೆ, ಅದರಿಂದ ಮೂಲಗಳು ಹ ± ಐ√(ಕ/ಎ). ಅದೇ ಎಡಭಾಗವನ್ನು 2ಕಗೆ ಸಮ ಮಾಡಿ ನೋಡಿ: (ಕ್ಷ − ಹ)² ಈಗ ಪ್ಲಸ್ ಕ/ಎ, ಕತ್ತರಿಸುವ ಬಿಂದುಗಳು ಹ ± √(ಕ/ಎ). ಎರಡು ಉತ್ತರಗಳಿಗೂ ಇರುವ ವ್ಯತ್ಯಾಸ ಐ ಎಂಬ ಒಂದು ಗುರುತು ಮಾತ್ರ. ಪಾಠದಲ್ಲಿ ಬಾಯಿಪಾಠ ಮಾಡಿಸುವ ಸೂತ್ರವೂ ಇದನ್ನೇ ಹೇಳುತ್ತದೆ. ಮೈನಸ್ ಬಿ ಭಾಗಿಸು 2ಎ ಎಂಬ ತುಂಡು ಶೃಂಗ ಎಲ್ಲಿದೆಯೆಂದು ತೋರಿಸುತ್ತದೆ, ವರ್ಗಮೂಲದ ತುಂಡು ಅಲ್ಲಿಂದ ಎಷ್ಟು ದೂರ ಹೋಗಬೇಕೆಂದು ತೋರಿಸುತ್ತದೆ. ಶೋಧಕ ಧನವಾಗಿದ್ದರೆ ಆ ದೂರವನ್ನು ಅಕ್ಷದ ಮೇಲೆಯೇ ಅಕ್ಕಪಕ್ಕ ನಡೆಯಬೇಕು. ಋಣವಾಗಿದ್ದರೆ ಅಷ್ಟೇ ದೂರವನ್ನು ಅಕ್ಷಕ್ಕೆ ಲಂಬವಾದ ದಿಕ್ಕಿನಲ್ಲಿ ನಡೆಯಬೇಕು.

ಎಚ್ಚರ ತಪ್ಪುವ ಜಾಗ ಒಂದಿದೆ. ಎ ಬೆಲೆ 1 ಇದ್ದಾಗ ಊಹಾ ಭಾಗ ಶೃಂಗದ ಎತ್ತರದ ವರ್ಗಮೂಲವೇ ಆಗಿರುತ್ತದೆ, ಹಾಗಾಗಿ ಬಹಳ ಮಂದಿ ಅದನ್ನೇ ನಿಯಮ ಅಂದುಕೊಳ್ಳುತ್ತಾರೆ. 2ಕ್ಷ² − 4ಕ್ಷ + 10 = 0 ತೆಗೆದುಕೊಳ್ಳಿ. ಶೃಂಗ ಅಡ್ಡಕ್ಕೆ 1, ಎತ್ತರಕ್ಕೆ 8. ನೇರ ವರ್ಗಮೂಲ ತೆಗೆದರೆ √8 ಬರುತ್ತದೆ, ಅದು ತಪ್ಪು. ಎತ್ತರ 16ರಲ್ಲಿ ಗೆರೆ ಎಳೆದರೆ ಅದು −1 ಮತ್ತು 3ರಲ್ಲಿ ಕತ್ತರಿಸುತ್ತದೆ, ಅರ್ಧ ಅಗಲ 2, ಮೂಲಗಳು 1 ± 2ಐ. ಗೆರೆಯ ವಿಧಾನದಲ್ಲಿ ಎಯಿಂದ ಭಾಗಿಸುವ ಕೆಲಸ ತಾನಾಗಿಯೇ ಆಗಿಬಿಡುತ್ತದೆ. ಪರವಲಯ ಕೆಳಮುಖವಾಗಿದ್ದರೂ ಇದೇ ರೀತಿ: −ಕ್ಷ² + 4ಕ್ಷ − 7 = 0ಕ್ಕೆ ಶೃಂಗದ ಎತ್ತರ −3, ಗೆರೆ −6ರಲ್ಲಿ, ಅರ್ಧ ಅಗಲ √3, ಮೂಲಗಳು 2 ± √3ಐ.

ಇನ್ನು ಯಂತ್ರಗಳ ವಿಷಯ. ಗ್ರಾಫಿಂಗ್ ಕ್ಯಾಲ್ಕುಲೇಟರ್ ಎಂಬ ಉಪಕರಣ ಮಾರುಕಟ್ಟೆಗೆ ಬಂದದ್ದು 1985ರಲ್ಲಿ, ಕ್ಯಾಸಿಯೋ ಕಂಪನಿಯ ಎಫ್ಎಕ್ಸ್-7000ಜಿ ಮೂಲಕ. ಇವತ್ತು ಹೆಚ್ಚು ಬಳಕೆಯಲ್ಲಿರುವುದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಐ-84 ಸರಣಿ ಮತ್ತು ಕ್ಯಾಸಿಯೋದ ಎಫ್ಎಕ್ಸ್-9750, ಸಿಜಿ50 ಮಾದರಿಗಳು. ಟಿಐ-84ರಲ್ಲಿ ಮೊದಲು ಮೋಡ್ ಗುಂಡಿ ಒತ್ತಿ 'ರಿಯಲ್' ಎಂಬಲ್ಲಿಂದ 'ಎ+ಬಿಐ' ಎಂಬಲ್ಲಿಗೆ ಸರಿದು ಎಂಟರ್ ಒತ್ತಬೇಕು. ಹೀಗೆ ಮಾಡದೆ ಋಣ ಸಂಖ್ಯೆಯ ವರ್ಗಮೂಲ ಕೇಳಿದರೆ ಉತ್ತರ ವಾಸ್ತವವಲ್ಲ ಎಂಬ ದೋಷ ಸಂದೇಶ ಬರುತ್ತದೆ; ಯಂತ್ರ ಕೆಟ್ಟಿದೆಯೆಂದು ಭಾವಿಸಬೇಕಿಲ್ಲ. ಮೋಡ್ ಬದಲಿಸಿದ ಮೇಲೆ ಸೂತ್ರವನ್ನೇ ಟೈಪ್ ಮಾಡಬಹುದು, ಇಲ್ಲವೇ ಆ್ಯಪ್ಸ್ ಗುಂಡಿಯ ಒಳಗಿರುವ ಬಹುಪದೋಕ್ತಿ ಬಿಡಿಸುವ ಆ್ಯಪ್ ತೆರೆದು, ಘಾತ 2 ಆರಿಸಿ, ಮೂರು ಸಹಗುಣಕ ಕೊಟ್ಟರೆ ಎರಡೂ ಮೂಲಗಳು ಬರುತ್ತವೆ. ಕ್ಯಾಸಿಯೋ ಗ್ರಾಫಿಂಗ್ ಮಾದರಿಗಳಲ್ಲಿ ಮೆನುವಿನ ಇಕ್ವೇಶನ್ ವಿಭಾಗ, ಅದರಲ್ಲಿ ಪಾಲಿನಾಮಿಯಲ್, ಘಾತ 2. ಅಲ್ಲಿಯೂ ಶಿಫ್ಟ್ ಒತ್ತಿ ಸೆಟಪ್‌ಗೆ ಹೋಗಿ ಕಾಂಪ್ಲೆಕ್ಸ್ ಮೋಡ್ ಅನ್ನು ಎ+ಬಿಐಗೆ ಬದಲಿಸಬೇಕು.

ಗ್ರಾಫ್ ಪರದೆಯಲ್ಲಿ ಬಹಳ ಮಂದಿ ಎಡವುವುದು 'ಝೀರೋ' ಅಥವಾ 'ರೂಟ್' ಎಂಬ ಆಯ್ಕೆಯಲ್ಲಿ. ಅದು ಗೆರೆ ಅಕ್ಷವನ್ನು ದಾಟುವ ಜಾಗವನ್ನು ಮಾತ್ರ ಹುಡುಕುತ್ತದೆ. ದಾಟದ ಪರವಲಯಕ್ಕೆ ಅದನ್ನು ಕೇಳಿದರೆ ಟಿಐ ಯಂತ್ರ ಚಿಹ್ನೆ ಬದಲಾಗಿಲ್ಲ ಎಂಬ ದೋಷ ತೋರಿಸುತ್ತದೆ. ಅಲ್ಲಿ ಕೇಳಬೇಕಾದದ್ದು 'ಮಿನಿಮಮ್', ಕೆಳಮುಖ ಪರವಲಯವಾದರೆ 'ಮ್ಯಾಕ್ಸಿಮಮ್'. ಶೃಂಗ ಸಿಕ್ಕ ಮೇಲೆ ಎರಡನೆಯ ಸಾಲಿನಲ್ಲಿ ಅದರ ಎತ್ತರದ ಎರಡರಷ್ಟನ್ನು ಬರೆದು 'ಇಂಟರ್‌ಸೆಕ್ಟ್' ಕೇಳಿದರೆ ಕತ್ತರಿಸುವ ಬಿಂದು ಬರುತ್ತದೆ. ಮತ್ತೊಂದು ತೊಡಕು ಪರದೆಯ ವ್ಯಾಪ್ತಿ. ಟಿಐ ಯಂತ್ರದ ಸಾಮಾನ್ಯ ಪರದೆ −10ರಿಂದ 10ರವರೆಗೆ ಇರುತ್ತದೆ. ಕ್ಷ² − 30ಕ್ಷ + 250 ಎಂದು ಕೊಟ್ಟರೆ ಪರದೆ ಖಾಲಿ ಕಾಣುತ್ತದೆ, ಏಕೆಂದರೆ ಶೃಂಗ ಅಡ್ಡಕ್ಕೆ 15, ಎತ್ತರಕ್ಕೆ 25 ಇರುವಲ್ಲಿದೆ. ವಿಂಡೋ ಗುಂಡಿ ಒತ್ತಿ ಅಡ್ಡಕ್ಕೆ 0ರಿಂದ 30, ಎತ್ತರಕ್ಕೆ −10ರಿಂದ 100 ಎಂದು ಬದಲಿಸಿದರೆ ಎಲ್ಲವೂ ಕಾಣುತ್ತದೆ. ಸೂತ್ರ ಟೈಪ್ ಮಾಡುವವರಿಗೆ ಆವರಣದ ಎಚ್ಚರ ಬೇಕು: ಬಿ ಬೆಲೆ −6 ಇದ್ದಾಗ ಆವರಣವಿಲ್ಲದೆ −6² ಎಂದು ಹೊಡೆದರೆ ಯಂತ್ರ 36ರ ಬದಲು −36 ಕೊಡುತ್ತದೆ. ಛೇದದ 2ಎಯನ್ನೂ ಆವರಣದೊಳಗೆ ಇಡಬೇಕು. ಋಣ ಚಿಹ್ನೆಗೂ ಕಳೆಯುವ ಚಿಹ್ನೆಗೂ ಟಿಐ ಯಂತ್ರದಲ್ಲಿ ಬೇರೆ ಬೇರೆ ಗುಂಡಿಗಳಿವೆ ಎಂಬುದನ್ನೂ ಮರೆಯಬಾರದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಆಕ್ಷೇಪ ಸಹಜವಾಗಿ ಬರುತ್ತದೆ. ಸಾವಿರಾರು ರೂಪಾಯಿಯ ಈ ಯಂತ್ರ ಶಿರಹಟ್ಟಿ, ಮುಂಡರಗಿಯ ಎಷ್ಟು ಮಕ್ಕಳ ಕೈಯಲ್ಲಿದೆ? ಐಬಿ ಪಠ್ಯಕ್ರಮದ ಶಾಲೆಗಳಲ್ಲಿ ಪರೀಕ್ಷೆಗೇ ಅದನ್ನು ಒಯ್ಯುತ್ತಾರೆ, ನಮ್ಮಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ ಯಾವುದರ ಗಣಿತ ಪರೀಕ್ಷೆಗೂ ಸಾಮಾನ್ಯ ಕ್ಯಾಲ್ಕುಲೇಟರ್ ಕೂಡ ಒಯ್ಯುವಂತಿಲ್ಲ. ಆಕ್ಷೇಪ ಸರಿಯಾದದ್ದೇ, ಆದರೆ ಅದು ಆ ಒಂದು ಉಪಕರಣಕ್ಕೆ ಮಾತ್ರ ಅನ್ವಯಿಸುತ್ತದೆ. ಗದಗಿನ ತೋಂಟದಾರ್ಯ ಎಂಜಿನಿಯರಿಂಗ್ ಕಾಲೇಜು, ಲಕ್ಷ್ಮೇಶ್ವರದ ಅಗಡಿ ಎಂಜಿನಿಯರಿಂಗ್ ಕಾಲೇಜುಗಳಂಥಲ್ಲಿ ಓದುವವರ ಚೀಲದಲ್ಲಿ ಕ್ಯಾಸಿಯೋ 991 ಸರಣಿಯ ಸೈಂಟಿಫಿಕ್ ಕ್ಯಾಲ್ಕುಲೇಟರ್ ಸಾಮಾನ್ಯ. ಅದಕ್ಕೆ ಗ್ರಾಫ್ ಹಾಕಲು ಬರುವುದಿಲ್ಲ, ಸಂಕೀರ್ಣ ಮೂಲ ಕೊಡಲು ಬರುತ್ತದೆ. 991ಇಎಸ್ ಪ್ಲಸ್‌ನಲ್ಲಿ ಮೋಡ್, 5, 3 ಒತ್ತಿ ಸಹಗುಣಕಗಳನ್ನು ಒಂದೊಂದಾಗಿ ಕೊಟ್ಟು ಸಮ ಚಿಹ್ನೆ ಒತ್ತುತ್ತ ಹೋದರೆ 3 + 2ಐ, 3 − 2ಐ ನೇರವಾಗಿ ಬರುತ್ತವೆ. ಕ್ಲಾಸ್‌ವಿಜ್ 991ಇಎಕ್ಸ್‌ನಲ್ಲಿ ಮೆನುವಿನ ಇಕ್ವೇಶನ್ ವಿಭಾಗದಲ್ಲಿ ಪಾಲಿನಾಮಿಯಲ್ ಆರಿಸಬೇಕು. ವಾಸ್ತವ ಮೂಲಗಳಿಲ್ಲ ಎಂದು ಹೇಳಿ ನಿಂತರೆ ಸೆಟಪ್‌ನಲ್ಲಿ ಕಾಂಪ್ಲೆಕ್ಸ್ ರೂಟ್ಸ್ ಎಂಬುದು 'ಆಫ್' ಇದೆಯೆಂದು ಅರ್ಥ. ಮೂಲಗಳನ್ನು ತೋರಿಸಿದ ಮೇಲೆ ಈ ಯಂತ್ರ ಇನ್ನೊಮ್ಮೆ ಸಮ ಚಿಹ್ನೆ ಒತ್ತಿದರೆ ಪರವಲಯದ ಕನಿಷ್ಠ ಬಿಂದುವನ್ನೂ ಕೊಡುತ್ತದೆ. ಹೆಚ್ಚಿನವರು ಅದನ್ನು ನೋಡದೆ ಹಿಂದೆ ಬರುತ್ತಾರೆ. ನೋಡಿದರೆ ಅಲ್ಲಿ 3 ಮತ್ತು 4 ಇರುತ್ತವೆ, ಮೇಲೆ ಹೇಳಿದ ಗ್ರಾಫಿನ ಶೃಂಗ ಅದೇ.

ಹಳೆಯ 991ಎಂಎಸ್ ಇಟ್ಟುಕೊಂಡವರಿಗೆ ವಿಶೇಷವಾಗಿ ಒಂದು ಮಾತು ಹೇಳಲೇಬೇಕು. ಆ ಯಂತ್ರದ ಪರದೆಯಲ್ಲಿ ಸಂಕೀರ್ಣ ಸಂಖ್ಯೆ ಪೂರ್ತಿಯಾಗಿ ಒಮ್ಮೆಗೇ ಕಾಣುವುದಿಲ್ಲ, ಮೊದಲು ವಾಸ್ತವ ಭಾಗ ಮಾತ್ರ ಬರುತ್ತದೆ. ಮೇಲಿನ ಸಮೀಕರಣ ಕೊಟ್ಟರೆ ಮೊದಲ ಮೂಲ 3, ಎರಡನೆಯ ಮೂಲವೂ 3 ಎಂದು ಕಾಣುತ್ತದೆ. ಮೂಲೆಯಲ್ಲಿ ಆರ್ ಮತ್ತು ಐ ಅಕ್ಷರಗಳ ನಡುವೆ ಎರಡು ಬದಿಯ ಬಾಣವಿರುವ ಚಿಕ್ಕ ಗುರುತೊಂದು ಮೂಡುತ್ತದೆ, ಅದು ಕಣ್ಣಿಗೆ ಬೀಳದಿದ್ದರೆ ಎರಡು ಸಮ ಮೂಲಗಳು ಎಂದು ಬರೆದುಬಿಡುವ ಅಪಾಯ ಇದೆ. ಶಿಫ್ಟ್ ಒತ್ತಿ, ಆಮೇಲೆ ಸಮ ಚಿಹ್ನೆ ಒತ್ತಿದರೆ ಊಹಾ ಭಾಗ ಕಾಣುತ್ತದೆ. ಯಂತ್ರ ಸುಳ್ಳು ಹೇಳಿಲ್ಲ, ಅರ್ಧ ಹೇಳಿದೆ. ಪರವಲಯ ಅಕ್ಷವನ್ನು ಮುಟ್ಟಿದೆಯೋ ತೇಲುತ್ತಿದೆಯೋ ಎಂಬ ಚಿತ್ರ ಮನಸ್ಸಿನಲ್ಲಿದ್ದವರು ಈ ತಪ್ಪು ಮಾಡುವುದಿಲ್ಲ.

ಗ್ರಾಫ್ ಬೇಕೆಂದವರಿಗೆ ಫೋನ್ ಸಾಕು. ಜಿಯೋಜೀಬ್ರಾ ಎಂಬ ಆ್ಯಪ್ ಉಚಿತ. ಅದು ನಮ್ಮ ಸರ್ಕಾರಿ ಪ್ರೌಢಶಾಲೆಗಳಿಗೆ ಹೊಸದೂ ಅಲ್ಲ: 2010ರ ದಶಕದಲ್ಲಿ ಡಿಎಸ್ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಕೂಡಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ರಾಜ್ಯದ ಗಣಿತ ಶಿಕ್ಷಕರು ಇದನ್ನು ಕಲಿತರು, ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಜಾಲತಾಣದಲ್ಲಿ ಅದರ ಪಾಠಗಳು ಕನ್ನಡದಲ್ಲಿ ಸೇರಿದವು. ಜಿಯೋಜೀಬ್ರಾದಲ್ಲಿ ಸಮೀಕರಣದ ಎಡಭಾಗ ಬರೆದರೆ ಪರವಲಯ ಬರುತ್ತದೆ. ಕೆಳಗಿನ ಸಾಲಿನಲ್ಲಿ ಇಂಗ್ಲಿಷಿನ 'ಕಾಂಪ್ಲೆಕ್ಸ್' ಮತ್ತು 'ರೂಟ್' ಎಂಬ ಎರಡು ಪದಗಳನ್ನು ಜಾಗ ಬಿಡದೆ ಕೂಡಿಸಿ ಬರೆದು, ಆವರಣದಲ್ಲಿ ಅದೇ ಬಹುಪದೋಕ್ತಿ ಕೊಟ್ಟರೆ ಎರಡು ಬಿಂದುಗಳು ಮೂಡುತ್ತವೆ: ಅಡ್ಡಕ್ಕೆ 3 ಇರುವಲ್ಲಿ ಮೇಲೆ ಒಂದು, ಕೆಳಗೆ ಒಂದು. ಇಲ್ಲಿ ಒಂದು ಗೊಂದಲ ಹುಟ್ಟುತ್ತದೆ, ಅದನ್ನು ಶಿಕ್ಷಕರು ಮುಂಚೆಯೇ ಬಿಡಿಸಿ ಹೇಳಬೇಕು. ಆ ಬಿಂದುಗಳು ಪರವಲಯದ ಮೇಲೆ ಇಲ್ಲ. ಪರವಲಯಕ್ಕೆ ಲಂಬ ಅಕ್ಷ ಎಂದರೆ ಬಹುಪದೋಕ್ತಿಯ ಬೆಲೆ. ಮೂಲಗಳಿಗೆ ಅದೇ ಲಂಬ ಅಕ್ಷ ಎಂದರೆ ಸಂಖ್ಯೆಯ ಊಹಾ ಭಾಗ. ಒಂದೇ ಪರದೆಯ ಮೇಲೆ ಎರಡು ಬೇರೆ ಬೇರೆ ನಕ್ಷೆಗಳು ಒಂದರ ಮೇಲೊಂದು ಕೂತಿವೆ. ಇದನ್ನು ಹೇಳದಿದ್ದರೆ ಜಾಣ ವಿದ್ಯಾರ್ಥಿಯೇ ಹೆಚ್ಚು ದಾರಿ ತಪ್ಪುತ್ತಾನೆ, ಏಕೆಂದರೆ ಆ ಬಿಂದು ಪರವಲಯದ ಮೇಲೆ ಏಕಿಲ್ಲ ಎಂದು ಕೇಳುವವನು ಅವನೇ.

ಇದೇ ಆ್ಯಪ್‌ನಲ್ಲಿ ಕೊನೆಯ ಸಂಖ್ಯೆಗೆ ಸ್ಲೈಡರ್ ಹಾಕಿ ಕ್ಷ² − 6ಕ್ಷ + ಸಿ ಎಂದು ಬರೆದು ಸಿಯನ್ನು ನಿಧಾನವಾಗಿ ಏರಿಸಿ ನೋಡುವುದು, ನನ್ನ ಅಭಿಪ್ರಾಯದಲ್ಲಿ, ಈ ಪಾಠದ ತಿರುಳು. ಸಿ ಬೆಲೆ 5 ಇದ್ದಾಗ ಮೂಲಗಳು 1 ಮತ್ತು 5. ಸಿ ಏರಿದಂತೆ ಪರವಲಯ ಮೇಲೇಳುತ್ತದೆ, ಎರಡು ಮೂಲಗಳು ಒಂದರ ಕಡೆಗೊಂದು ಸರಿಯುತ್ತವೆ. ಸಿ 9 ಆದಾಗ ಎರಡೂ 3ರಲ್ಲಿ ಕೂಡುತ್ತವೆ. ಎಸ್ಸೆಸ್ಸೆಲ್ಸಿಯ ಪಾಠದ ಪ್ರಕಾರ ಮುಂದಿನ ಕ್ಷಣ ಅವು ಇಲ್ಲವಾಗಬೇಕು. ಆಗುವುದೇ ಬೇರೆ. 3ರಲ್ಲಿ ಕೂಡಿದ ಮೂಲಗಳು ಲಂಬ ದಿಕ್ಕಿಗೆ ತಿರುಗಿ ಒಂದು ಮೇಲಕ್ಕೆ, ಒಂದು ಕೆಳಕ್ಕೆ ಹೊರಡುತ್ತವೆ. ಸಿ 10ಕ್ಕೆ 3 ± ಐ, 13ಕ್ಕೆ 3 ± 2ಐ, 18ಕ್ಕೆ 3 ± 3ಐ. ಎಲ್ಲೂ ಕಡಿತವಿಲ್ಲ, ಜಿಗಿತವಿಲ್ಲ. ವಾಸ್ತವ ಮೂಲ, ಸಮ ಮೂಲ, ಸಂಕೀರ್ಣ ಮೂಲ ಎಂದು ಮೂರು ಪ್ರತ್ಯೇಕ ಪ್ರಕರಣಗಳಾಗಿ ಕಲಿಸುವುದು ಒಂದೇ ನಡಿಗೆಯ ಮೂರು ಹೆಜ್ಜೆಗಳು ಎಂದು ಮಗು ಕಣ್ಣಾರೆ ಕಾಣುತ್ತದೆ. ಕಪ್ಪುಹಲಗೆಯ ಮೇಲೆ ಇದನ್ನು ತೋರಿಸುವುದು ಕಷ್ಟ, ಯಂತ್ರಕ್ಕೆ ಸುಲಭ. ಯಂತ್ರ ಬೇಕಾಗುವುದು ಇಂಥ ಕಡೆ.

ಅದಿರಲಿ, ಬೇಲಿಯ ಲೆಕ್ಕಕ್ಕೂ ಬೆಳೆಯ ಲೆಕ್ಕಕ್ಕೂ ಬಾರದ ಈ ಮೂಲಗಳಿಂದ ಏನು ಪ್ರಯೋಜನ ಎಂಬುದು ಹಳೆಯ ಪ್ರಶ್ನೆ, ಗೌರವದಿಂದ ಉತ್ತರಿಸಬೇಕಾದದ್ದು. ಇದೇ ನೆಲದಲ್ಲಿ ಅದಕ್ಕೆ ಇತಿಹಾಸವಿದೆ. ಒಂಬತ್ತನೆಯ ಶತಮಾನದಲ್ಲಿ ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯ ತನ್ನ ಗ್ರಂಥದಲ್ಲಿ ಸ್ತುತಿಸಿರುವ ದೊರೆ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ. ಅದೇ ಆಸ್ಥಾನದಿಂದ ಬಂದ ಕವಿರಾಜಮಾರ್ಗ ಕನ್ನಡದ ತಿರುಳು ಇರುವ ಊರುಗಳಲ್ಲಿ ಪುಲಿಗೆರೆಯನ್ನು, ಅಂದರೆ ಇಂದಿನ ಲಕ್ಷ್ಮೇಶ್ವರವನ್ನು, ಹೆಸರಿಸುತ್ತದೆ. ಆ ಮಹಾವೀರಾಚಾರ್ಯ ಋಣ ಸಂಖ್ಯೆ ಸ್ವಭಾವತಃ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಬರೆದ. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನ ನಿಲುವೂ ಇದೇ. ಇದನ್ನು ಅವರ ಕೊರತೆ ಎಂದು ನೋಡುವುದು ತಪ್ಪು. ಪ್ರಶ್ನೆಯನ್ನು ಎದುರಿಗೆ ಇಟ್ಟುಕೊಂಡು, ತಮಗೆ ಗೊತ್ತಿದ್ದ ಸಂಖ್ಯೆಗಳ ಮಿತಿಯನ್ನು ನಿಖರವಾಗಿ ಗುರುತಿಸಿದವರು ಅವರು. ಆ ಮಿತಿಯ ಆಚೆಗೆ ಮೊದಲ ಹೆಜ್ಜೆ ಬಿದ್ದದ್ದು 1545ರಲ್ಲಿ, ಇಟಲಿಯ ಕಾರ್ಡಾನೊ 10ನ್ನು ಎರಡು ಭಾಗ ಮಾಡಿ ಅವುಗಳ ಗುಣಲಬ್ಧ 40 ಬರಬೇಕು ಎಂಬ ಲೆಕ್ಕಕ್ಕೆ 5 ± √−15 ಎಂದು ಉತ್ತರ ಬರೆದಾಗ. ಅವನಿಗೂ ಅದರ ಮೇಲೆ ಭರವಸೆ ಇರಲಿಲ್ಲ. ಸಂಕೀರ್ಣ ಸಂಖ್ಯೆಯನ್ನು ಸಮತಲದ ಬಿಂದುವಾಗಿ ನೋಡುವ ದೃಷ್ಟಿ ವೆಸೆಲ್, ಆರ್ಗಾನ್ ಮತ್ತು ಗಾಸ್ ಅವರಿಂದ ಬಂದದ್ದು 1797ರಿಂದ ಈಚೆಗೆ.

ಕಾರ್ಡಾನೊನ ಲೆಕ್ಕವನ್ನೇ ಮುಂಡರಗಿಯ ಹೊಲಕ್ಕೆ ತಂದು ನೋಡಿ. ಉಳ್ಳಾಗಡ್ಡಿ ಹರವಲು ಆಯತಾಕಾರದ ಕಣ ಮಾಡಬೇಕು, ಸುತ್ತ ಬೇಲಿಗೆ 60 ಮೀಟರ್ ತಂತಿ ಇದೆ, 250 ಚದರ ಮೀಟರ್ ಜಾಗ ಬೇಕು. ಉದ್ದ ಅಗಲಗಳ ಮೊತ್ತ 30, ಗುಣಲಬ್ಧ 250, ಸಮೀಕರಣ ಕ್ಷ² − 30ಕ್ಷ + 250 = 0, ಮೂಲಗಳು 15 ± 5ಐ. ಸಾಧ್ಯವಿಲ್ಲ ಎಂಬುದು ಎಸ್ಸೆಸ್ಸೆಲ್ಸಿಯ ಉತ್ತರ, ಅದು ಸರಿ. ಸಂಕೀರ್ಣ ಮೂಲ ಅದಕ್ಕಿಂತ ಹೆಚ್ಚು ಹೇಳುತ್ತದೆ. ವಾಸ್ತವ ಭಾಗ 15 ಎಂದರೆ ಇರುವ ತಂತಿಯಲ್ಲಿ ಅತಿ ಹೆಚ್ಚು ಜಾಗ ಕೊಡುವ ಆಕಾರ 15 ಮೀಟರ್ ಬಾಹುವಿನ ಚೌಕ, ವಿಸ್ತೀರ್ಣ 225. ಊಹಾ ಭಾಗ 5ರ ವರ್ಗ 25, ಅದು ಬೇಕಾದ 250ಕ್ಕೆ ಬೀಳುವ ಕೊರತೆ. ಎಷ್ಟು ಕಡಿಮೆ ಬೀಳುತ್ತದೆ, ಅತ್ಯುತ್ತಮ ಆಯ್ಕೆ ಯಾವುದು ಎಂಬ ಎರಡು ಮಾಹಿತಿಯನ್ನು ಆ ಉತ್ತರ ಹೊತ್ತು ನಿಂತಿದೆ. ಅದನ್ನು ಓದದೆ ಅಡಿಗೆರೆ ಎಳೆಯುವುದು ನಷ್ಟ.

ಚಲನೆಯ ಲೆಕ್ಕಗಳಲ್ಲಿ ಈ ಮಾಹಿತಿ ಇನ್ನೂ ಬೆಲೆಯುಳ್ಳದ್ದು. ನಾಗರ ಪಂಚಮಿಗೆ ಕಟ್ಟುವ ಜೋಕಾಲಿಯನ್ನೇ ತೆಗೆದುಕೊಳ್ಳಿ. ಹಗ್ಗದ ಉದ್ದ 4 ಮೀಟರ್ ಇದ್ದರೆ, ಗುರುತ್ವ 9.8ನ್ನು 4ರಿಂದ ಭಾಗಿಸಿದಾಗ 2.45 ಬರುತ್ತದೆ. ಗಾಳಿಯ ಮತ್ತು ಕಟ್ಟಿನ ತಡೆಗೆ 0.04 ಎಂಬ ಸಣ್ಣ ಬೆಲೆ ಹಿಡಿಯೋಣ. ಸಣ್ಣ ತೂಗಾಟದ ಅವಕಲ ಸಮೀಕರಣದಿಂದ ಸಿಗುವ ಸಹಾಯಕ ಸಮೀಕರಣ ಕ್ಷ² + 0.04ಕ್ಷ + 2.45 = 0. ಕ್ಯಾಲ್ಕುಲೇಟರಿಗೆ ಕೊಟ್ಟರೆ ಮೂಲಗಳು ಸುಮಾರು −0.02 ± 1.565ಐ. ಊಹಾ ಭಾಗ ತೂಗುವ ವೇಗ ಹೇಳುತ್ತದೆ: 2π ಅನ್ನು 1.565ರಿಂದ ಭಾಗಿಸಿದರೆ ಒಂದು ಹೋಗಿಬರುವ ತೂಗಿಗೆ ಸುಮಾರು 4 ಸೆಕೆಂಡು. ವಾಸ್ತವ ಭಾಗ ತೂಗು ಕುಗ್ಗುವ ಬಗೆ ಹೇಳುತ್ತದೆ: ಯಾರೂ ಜೀಕದಿದ್ದರೆ ಸುಮಾರು 35 ಸೆಕೆಂಡಿಗೆ ಅರ್ಧಕ್ಕೆ ಇಳಿಯುತ್ತದೆ. ಈ ಸಮೀಕರಣಕ್ಕೆ ವಾಸ್ತವ ಮೂಲಗಳಿದ್ದಿದ್ದರೆ ಜೋಕಾಲಿ ತೂಗುತ್ತಲೇ ಇರಲಿಲ್ಲ, ಬಿಟ್ಟ ಜಾಗದಿಂದ ನಿಧಾನವಾಗಿ ನಡುವಿಗೆ ಬಂದು ನಿಲ್ಲುತ್ತಿತ್ತು. ತೂಗಾಟವೆಂಬುದು ಇರುವುದೇ ಸಂಕೀರ್ಣ ಮೂಲಗಳಿಂದ. ಕಪ್ಪತಗುಡ್ಡದ ಸೀಮೆಯಲ್ಲಿ ನಿಂತಿರುವ ಗಾಳಿಯಂತ್ರಗಳ ಕಂಬಗಳ ಕಂಪನವನ್ನೂ, ಪಂಪ್‌ಸೆಟ್ ಮೋಟಾರಿನ ಸುರುಳಿ ಮತ್ತು ಕೆಪಾಸಿಟರ್‌ಗಳ ನಡುವಿನ ವಿದ್ಯುತ್ ಏರಿಳಿತವನ್ನೂ ಎಂಜಿನಿಯರುಗಳು ಲೆಕ್ಕ ಹಾಕುವಾಗ ಮೊದಲ ಹೆಜ್ಜೆ ಇಂಥದೇ ಸಮೀಕರಣ. ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಅವಕಲ ಸಮೀಕರಣಗಳಿಗೆ ಬಂದಾಗ ಹಳ್ಳಿಯ ಮಕ್ಕಳು ತಡವರಿಸುವುದಕ್ಕೆ ಬುದ್ಧಿಯ ಕೊರತೆ ಕಾರಣ ಎಂದು ನಾನು ಒಪ್ಪುವುದಿಲ್ಲ. ಈ ಮೂಲಗಳಿಗೆ ಅರ್ಥವಿದೆ ಎಂದು ಅವರಿಗೆ ಯಾರೂ ತೋರಿಸಿಲ್ಲದಿರುವುದು ಮುಖ್ಯ ಕಾರಣ.

ಗುಂಡಿ ಒತ್ತುವ ಅಭ್ಯಾಸ ಕೈಲೆಕ್ಕವನ್ನು ಕೊಲ್ಲುತ್ತದೆ ಎಂಬ ಮಾತು ಉಳಿಯಿತು. ಪರೀಕ್ಷೆಯಲ್ಲಿ ಯಂತ್ರವಿಲ್ಲದ ನಮ್ಮ ಮಕ್ಕಳಿಗೆ ಇದು ನಿಜವಾದ ಭಯ, ತಳ್ಳಿಹಾಕುವಂಥದ್ದಲ್ಲ. ಉತ್ತರ ಕೊಡುವ ಆ್ಯಪ್‌ಗೆ ಸಮೀಕರಣ ಕೊಟ್ಟು ನಕಲು ಮಾಡಿಕೊಳ್ಳುವವರಿಗೆ ಖಂಡಿತ ಹಾನಿಯಿದೆ. ಗ್ರಾಫಿನ ವಿಧಾನ ಅದಕ್ಕೆ ತದ್ವಿರುದ್ಧವಾಗಿ ಕೆಲಸ ಮಾಡುತ್ತದೆ: ಶೃಂಗವನ್ನು ಖಚಿತಪಡಿಸಿಕೊಳ್ಳಲು ವರ್ಗ ಪೂರ್ಣಗೊಳಿಸಬೇಕು, ಗೆರೆ ಎಲ್ಲಿ ಎಳೆಯಬೇಕೆಂದು ಲೆಕ್ಕ ಹಾಕಬೇಕು, ಕಂಡ ಉತ್ತರವನ್ನು ಸೂತ್ರದೊಂದಿಗೆ ಹೋಲಿಸಬೇಕು. ಪರದೆಯ ಅಂಕಿಗಳು ಅಂದಾಜಿನವು ಎಂಬುದೂ ಇಲ್ಲಿ ಅನುಕೂಲಕ್ಕೇ ಬರುತ್ತದೆ. ಮಿನಿಮಮ್ ಕೇಳಿದಾಗ ಟಿಐ ಯಂತ್ರ 3ರ ಬದಲು 2.9999987ರಂಥ ಸಂಖ್ಯೆ ತೋರಿಸುವುದುಂಟು. ಅದು 3 ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಮೈನಸ್ ಬಿ ಭಾಗಿಸು 2ಎ ಎಂದು ಕೈಯಲ್ಲೇ ಮಾಡಿ ನೋಡಬೇಕಾಗುತ್ತದೆ. ಕ್ಷ² + ಕ್ಷ + 1 = 0ಕ್ಕೆ ಯಂತ್ರ −0.5 ± 0.866ಐ ಕೊಟ್ಟರೆ 0.866 ಎಂಬುದು √3ರ ಅರ್ಧ ಎಂದು ಗುರುತಿಸುವುದು ಮನುಷ್ಯನ ಕೆಲಸ, ಪಿಯುಸಿ ಉತ್ತರಪತ್ರಿಕೆಯಲ್ಲಿ ಬೇಕಾದದ್ದೂ ಆ ರೂಪವೇ. ತಾಳೆ ನೋಡಲು ಎಸ್ಸೆಸ್ಸೆಲ್ಸಿಯಲ್ಲಿ ಕಲಿತ ನಿಯಮವೇ ಸಾಕು: ಮೂಲಗಳ ಮೊತ್ತ ಮೈನಸ್ ಬಿ/ಎ, ಗುಣಲಬ್ಧ ಸಿ/ಎ. ಸಂಕೀರ್ಣ ಮೂಲಗಳಲ್ಲಿ ಮೊತ್ತ ವಾಸ್ತವ ಭಾಗದ ಎರಡರಷ್ಟು, ಗುಣಲಬ್ಧ ಎರಡು ಭಾಗಗಳ ವರ್ಗಗಳ ಮೊತ್ತ. 3 ± 2ಐಗೆ ಮೊತ್ತ 6, ಗುಣಲಬ್ಧ 9 + 4 = 13. ಕ್ಷಣದಲ್ಲಿ ತಾಳೆಯಾಯಿತು.

ಫೋನ್ ಕೈಗೆ ಕೊಟ್ಟರೆ ಮಕ್ಕಳು ಬೇರೆಡೆ ಹೋಗುತ್ತಾರೆ ಎಂದು ಹೆದರುವ ಪಾಲಕರಿಗೆ, ಫೋನೇ ಬೇಡವೆನಿಸಿದರೆ, ಗ್ರಾಫ್ ಹಾಳೆ ಇದೆ. ಏಳೆಂಟು ಬಿಂದು ಗುರುತಿಸಿ ಪರವಲಯ ಎಳೆದು, ಶೃಂಗದ ಎರಡರಷ್ಟು ಎತ್ತರದಲ್ಲಿ ಅಡ್ಡಗೆರೆ ಹಾಕಿದರೆ ಯಂತ್ರ ತೋರಿಸುವುದನ್ನೇ ಹಾಳೆಯೂ ತೋರಿಸುತ್ತದೆ. ನಮ್ಮ ನಾಲ್ಕೂ ಊರುಗಳ ಗಣಿತ ಶಿಕ್ಷಕರಲ್ಲಿ ನನ್ನ ವಿನಂತಿ ಒಂದೇ. ಹತ್ತನೆಯ ತರಗತಿಯಲ್ಲಿ ವಾಸ್ತವ ಮೂಲಗಳಿಲ್ಲ ಎಂದು ಬರೆಸಿದ ದಿನವೇ, ಪರೀಕ್ಷೆಗೆ ಬಾರದಿದ್ದರೂ, ಕ್ಷ² − 6ಕ್ಷ + 13ರ ಪರವಲಯ ಎಳೆಸಿ, 8ರಲ್ಲಿ ಗೆರೆ ಹಾಕಿಸಿ, 1 ಮತ್ತು 5 ಕಾಣಿಸಿ. ಒಂದು ಗ್ರಾಫ್ ಹಾಳೆ, ಹತ್ತು ನಿಮಿಷ ಸಾಕು.